ಅಪರಿಚಿತರು ಬಾಗಿಲು ತಟ್ಟಿದರೆ ನಮ್ಮ ಸರ್ವರ್ ಏನು ಹೇಳಬೇಕು?

ಹೋದ ವರ್ಷ ಮಳೆಗಾಲದ ಹೊತ್ತಿಗೆ ಒಂದು ಫೋನ್ ಬಂತು. ಗ್ರಾಮ ಪಂಚಾಯಿತಿಯೊಂದರ ಸಿಬ್ಬಂದಿ, ನನಗೆ ಆರು ತಿಂಗಳಿಂದ ಕಾಗದ ಕಳಿಸುತ್ತಿದ್ದವರು. ಉದ್ಯೋಗ ಖಾತ್ರಿಯ ಎನ್‌ಎಂಆರ್ ಹಾಳೆಗಳು, ಕೆಲಸವೇ ಆಗದ ಬದುವಿಗೆ ಬರೆದ ಬಿಲ್ಲುಗಳು, ಇಂಥವು. ಅವರು ಹೇಳಿದ್ದು ಎರಡೇ ಮಾತು: ‘ಅಣ್ಣಾ, ನಿಮ್ಮ ಆ ಪೇಜಿನ ವಿಷಯ ಆಫೀಸ್ನಾಗೆ ಮಾತಾಡ್ತಾ ಇದಾರೆ. ಇನ್ಮೇಲೆ ನಾನು ಏನೂ ಕಳ್ಸಲ್ಲ.’

‘ಆ ಪೇಜು’ ಅಂದರೆ ನಾವು ಮೂವರು ಡಿಪ್ಲೊಮಾ ಗೆಳೆಯರು ಸೇರಿ ಮಾಡಿಕೊಂಡಿದ್ದ, ಕಾಗದ ಪತ್ರ ಕಳಿಸುವ ಒಂದು ಪುಟ್ಟ ತಾಣ. ನಮ್ಮ ಸುದ್ದಿತಾಣದಲ್ಲಿ ಅದರ ಕೊಂಡಿ ಎಲ್ಲೂ ಇರಲಿಲ್ಲ. ಗೂಗಲ್‌ನಲ್ಲಿ ಸಿಗುತ್ತಿರಲಿಲ್ಲ. ನಂಬಿಕಸ್ಥರಿಗೆ ಮಾತ್ರ, ಚೀಟಿಯಲ್ಲಿ ಬರೆದು ಕೊಡುತ್ತಿದ್ದೆವು. ಹಾಗಿದ್ದ ಮೇಲೆ ಆಫೀಸಿನವರಿಗೆ ಹೇಗೆ ಗೊತ್ತಾಯಿತು? ಮೊದಲು ನಮ್ಮ ನಮ್ಮಲ್ಲೇ ಅನುಮಾನ ಬಂತು. ಯಾರು ಬಾಯಿಬಿಟ್ಟರು ಅಂತ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ತಿಳಿಯಿತು, ಬಾಯಿಬಿಟ್ಟಿದ್ದು ನಮ್ಮ ಸರ್ವರ್. ಯಾರೂ ಅದನ್ನು ಹ್ಯಾಕ್ ಮಾಡಿರಲಿಲ್ಲ. ಕೇಳಿದವರಿಗೆ ಅದು ತಾನಾಗಿಯೇ ಹೇಳುತ್ತಿತ್ತು.

ಈ ಬ್ಲಾಗಿನಲ್ಲಿ ಸಾಮಾನ್ಯವಾಗಿ ಗೌರವಧನ, ಗುರುತಿನ ಚೀಟಿ, ಮರಳು, ಬರ ಇವುಗಳ ಬಗ್ಗೆ ಬರೆಯುತ್ತೇವೆ. ಇವತ್ತು ನಾನು ಬರೆಯುತ್ತಿರುವುದು ಸರ್ವರಿನ ಎರಡು ಸಾಲಿನ ಸೆಟ್ಟಿಂಗ್ ಬಗ್ಗೆ. ಬೇಸರ ಮಾಡಿಕೊಳ್ಳಬೇಡಿ. ನಮ್ಮ ಬ್ಯಾಚಿನವರಲ್ಲೇ ಹಲವರು ಈಗ ಸ್ವಂತ ತಾಣ ನಡೆಸುತ್ತಿದ್ದಾರೆ. ಇದು ನಿಮ್ಮ ಮನೆಯ ವಿಷಯವೂ ಹೌದು.

ಆಗಿದ್ದೇನು

ನಮ್ಮದು ತಿಂಗಳ ಬಾಡಿಗೆಯ ಒಂದು ಸರ್ವರ್. ಅದರ ಮೇಲೆ ಮೂರು ತಾಣಗಳು: ಸುದ್ದಿತಾಣ, ಗೆಳೆಯನ ಫೋಟೊ ಸ್ಟುಡಿಯೊದ ತಾಣ, ಮತ್ತು ಆ ಕಾಗದದ ಪುಟ. ಮೂರಕ್ಕೂ ಒಂದೇ ಐಪಿ ವಿಳಾಸ. ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್. ಬೀಗದ ಗುರುತಿಗೆ, ಅಂದರೆ ಎಚ್‌ಟಿಟಿಪಿಎಸ್‌ಗೆ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರ. ಕೆಲಸ ಸುಲಭವಾಗಲಿ ಅಂತ ಮೂರೂ ಹೆಸರನ್ನು ಒಂದೇ ಪ್ರಮಾಣಪತ್ರದಲ್ಲಿ ಬರೆಸಿದ್ದೆವು. ರೇಷನ್ ಕಾರ್ಡಿನಲ್ಲಿ ಮನೆಮಂದಿಯ ಹೆಸರೆಲ್ಲ ಒಟ್ಟಿಗೆ ಇರುವ ಹಾಗೆ.

ಗುತ್ತಿಗೆದಾರರೊಬ್ಬರ ಸಂಬಂಧಿ ಹುಡುಗ, ಬಿಇ ಓದುತ್ತಿದ್ದವನು, ನಮ್ಮ ಸುದ್ದಿತಾಣದ ಐಪಿ ವಿಳಾಸ ಕಂಡುಕೊಂಡು ಅದನ್ನೇ ನೇರವಾಗಿ ಬ್ರೌಸರಿನಲ್ಲಿ ಟೈಪ್ ಮಾಡಿದ್ದಾನೆ. ಹೀಗೆ ಮಾಡಿದರೆ ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆಯ ಪುಟ ಬರುತ್ತದೆ. ಬಹಳ ಜನ ಅಲ್ಲಿಗೆ ಮುಚ್ಚಿಬಿಡುತ್ತಾರೆ. ಆದರೆ ಆ ಎಚ್ಚರಿಕೆಯನ್ನು ಪೂರ್ತಿ ಓದಿದರೆ, ‘ಈ ಪ್ರಮಾಣಪತ್ರ ಇಂತಿಂಥ ಹೆಸರುಗಳಿಗೆ ಮಾತ್ರ ಸಲ್ಲುತ್ತದೆ’ ಅಂತ ಫೈರ್‌ಫಾಕ್ಸ್ ಪಟ್ಟಿಯನ್ನೇ ಕೊಡುತ್ತದೆ. ಮೂರನೆಯ ಹೆಸರು ಅವನ ಕಣ್ಣಿಗೆ ಬಿತ್ತು. ಹೆಸರು ಗೊತ್ತಾದ ಮೇಲೆ ಉಳಿದದ್ದು ಸುಲಭ. ಪಂಚಾಯಿತಿ ಆಫೀಸಿನ ಕಂಪ್ಯೂಟರಿನ ಹಿಸ್ಟರಿಯಲ್ಲಿ ಆ ಹೆಸರಿದೆಯಾ ಅಂತ ನೋಡಿದರಂತೆ. ನಮ್ಮವರು ಸ್ವಂತ ಫೋನಿನಿಂದ ಕಳಿಸುತ್ತಿದ್ದುದರಿಂದ ಬಚಾವಾದರು. ಅದರಲ್ಲಿ ನಮ್ಮ ಜಾಣತನವೇನೂ ಇಲ್ಲ. ‘ಆಫೀಸಿನ ಕಂಪ್ಯೂಟರ್ ಬಳಸಬೇಡಿ’ ಅಂತ ಅವರಿಗೆ ನಾವು ಹೇಳಿಯೇ ಇರಲಿಲ್ಲ.

ಕೈ ಕುಲುಕುವ ಮೊದಲು

ಬ್ರೌಸರು ಮತ್ತು ಸರ್ವರ್ ಗುಟ್ಟಾಗಿ ಮಾತಾಡುವ ಮೊದಲು ಒಂದು ಪರಿಚಯ ಆಗಬೇಕು. ಅದಕ್ಕೆ ಹ್ಯಾಂಡ್‌ಶೇಕ್ ಅನ್ನುತ್ತಾರೆ. ಮೊದಲು ಬ್ರೌಸರು ‘ಕ್ಲೈಂಟ್ ಹಲೋ’ ಎಂಬ ಸಂದೇಶ ಕಳಿಸುತ್ತದೆ. ನನಗೆ ಇಂತಿಂಥ ಗೂಢಲಿಪಿ ವಿಧಾನಗಳು ಗೊತ್ತು, ಟಿಎಲ್‌ಎಸ್‌ನ ಇಂತಿಂಥ ಆವೃತ್ತಿ ಬರುತ್ತದೆ, ನಾನು ಹುಡುಕುತ್ತಿರುವ ತಾಣದ ಹೆಸರು ಇದು, ಅಂತ. ಈ ಕೊನೆಯ ಭಾಗಕ್ಕೆ ಎಸ್‌ಎನ್‌ಐ ಎಂದು ಹೆಸರು. 2003ರಲ್ಲಿ ಇದರ ನಿಯಮ ಬಂತು. ಒಂದೇ ಐಪಿ ವಿಳಾಸದಲ್ಲಿ ಹತ್ತಾರು ಎಚ್‌ಟಿಟಿಪಿಎಸ್ ತಾಣಗಳು ಆರಾಮವಾಗಿ ಇರುವುದು ಸಾಧ್ಯವಾಗಿರುವುದೇ ಇದರಿಂದ. ಹೆಸರು ಕೇಳಿಸಿಕೊಂಡ ಸರ್ವರ್ ಆ ಹೆಸರಿನ ಪ್ರಮಾಣಪತ್ರ ತೋರಿಸುತ್ತದೆ. ಅದು ಸರಿ ಅನ್ನಿಸಿದರೆ ಮಾತು ಮುಂದುವರಿಯುತ್ತದೆ.

ಬಂದವರು ಹೆಸರೇ ಹೇಳದಿದ್ದರೆ? ಅಥವಾ ನಮ್ಮಲ್ಲಿ ಇಲ್ಲದ ಹೆಸರು ಹೇಳಿದರೆ? ಐಪಿ ವಿಳಾಸ ಟೈಪ್ ಮಾಡಿದಾಗ ಬ್ರೌಸರು ಎಸ್‌ಎನ್‌ಐ ಕಳಿಸುವುದೇ ಇಲ್ಲ, ಯಾಕೆಂದರೆ ಅಲ್ಲಿ ಐಪಿ ಬರೆಯುವಂತಿಲ್ಲ ಎಂಬುದು ನಿಯಮ. ಆಗ ಎಂಜಿನ್‌ಎಕ್ಸ್ ‘ಡೀಫಾಲ್ಟ್’ ಎಂದು ಗುರುತು ಹಾಕಿದ ತಾಣದ ಪ್ರಮಾಣಪತ್ರ ಕೊಡುತ್ತದೆ. ನೀವು ಯಾವುದಕ್ಕೂ ಗುರುತು ಹಾಕದಿದ್ದರೆ ಆ ಪೋರ್ಟಿನಲ್ಲಿ ಮೊದಲು ಸಿಕ್ಕ ತಾಣವೇ ಡೀಫಾಲ್ಟ್. ಬಹಳ ಕಡೆ ತಾಣಕ್ಕೊಂದು ಕಡತದಂತೆ ಒಂದು ಫೋಲ್ಡರಿನಲ್ಲಿಟ್ಟಿರುತ್ತಾರೆ, ಎಂಜಿನ್‌ಎಕ್ಸ್ ಅವನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಓದುತ್ತದೆ. ಅಂದರೆ ಅಪರಿಚಿತನಿಗೆ ನಿಮ್ಮ ಮನೆಯ ಯಾರ ಹೆಸರು ಹೇಳಬೇಕು ಎಂಬುದನ್ನು ಕಡತದ ಹೆಸರಿನ ಮೊದಲ ಅಕ್ಷರ ತೀರ್ಮಾನಿಸುತ್ತದೆ!

ನಮ್ಮ ಗೆಳೆಯ ಮೊದಲಿಗೆ ಮಾಡಿದ ಪರಿಹಾರ ಬಹಳ ಜನ ಮಾಡುವಂಥದ್ದೇ. ಡೀಫಾಲ್ಟ್ ತಾಣದಲ್ಲಿ ‘ರಿಟರ್ನ್ 444’ ಅಂತ ಬರೆದ. ಇದು ಎಂಜಿನ್‌ಎಕ್ಸ್‌ನ ಸ್ವಂತ ಸಂಖ್ಯೆ, ಉತ್ತರ ಕೊಡದೆ ಸಂಪರ್ಕ ಕತ್ತರಿಸು ಎಂದು ಅರ್ಥ. ಬ್ರೌಸರಿನಲ್ಲಿ ಯಾವ ಪುಟವೂ ಬರಲಿಲ್ಲ, ಖುಷಿಪಟ್ಟೆವು. ಆದರೆ 444 ಕೆಲಸ ಮಾಡುವುದು ಹ್ಯಾಂಡ್‌ಶೇಕ್ ಮುಗಿದ ಮೇಲೆ. ಅಷ್ಟರಲ್ಲಿ ಪ್ರಮಾಣಪತ್ರ ಎದುರಿನವರ ಕೈ ಸೇರಿರುತ್ತದೆ. ಆಧಾರ್ ಕಾರ್ಡಿನ ಜೆರಾಕ್ಸ್ ಕೊಟ್ಟ ಮೇಲೆ ‘ನಿಮ್ಮ ಹತ್ತಿರ ನಾನು ಮಾತಾಡಲ್ಲ’ ಅಂದ ಹಾಗಾಯಿತು.

ಇದಕ್ಕೆ ಸರಿಯಾದ ಮದ್ದು ಬಂದಿದ್ದು 2020ರ ಅಕ್ಟೋಬರ್‌ನಲ್ಲಿ, ಎಂಜಿನ್‌ಎಕ್ಸ್‌ನ 1.19.4 ಆವೃತ್ತಿಯಲ್ಲಿ. ಹೆಸರು ‘ಎಸ್‌ಎಸ್‌ಎಲ್_ರಿಜೆಕ್ಟ್_ಹ್ಯಾಂಡ್‌ಶೇಕ್’. 443ನೇ ಪೋರ್ಟಿಗೆ ಒಂದು ಡೀಫಾಲ್ಟ್ ಸರ್ವರ್ ಬ್ಲಾಕ್ ಮಾಡಿ, ಅದರಲ್ಲಿ ಇದನ್ನು ‘ಆನ್’ ಎಂದು ಬರೆದರೆ ಮುಗಿಯಿತು. ಹೆಸರು ಹೇಳದವರಿಗೆ, ತಪ್ಪು ಹೆಸರು ಹೇಳಿದವರಿಗೆ ಪ್ರಮಾಣಪತ್ರ ತೋರಿಸುವ ಮೊದಲೇ ಸರ್ವರ್ ಹ್ಯಾಂಡ್‌ಶೇಕ್ ನಿಲ್ಲಿಸುತ್ತದೆ. ಕೊಡುವ ಉತ್ತರ ಒಂದು ಸಂಖ್ಯೆ: 112, ‘ಈ ಹೆಸರು ನನಗೆ ಗೊತ್ತಿಲ್ಲ’ ಎಂದು ಅರ್ಥ. ಆ ಬ್ಲಾಕಿಗೆ ಪ್ರಮಾಣಪತ್ರವೇ ಬೇಕಿಲ್ಲ. ಇದಕ್ಕೂ ಮೊದಲು ಜನ ಸುಳ್ಳು ಹೆಸರಿನ ಸ್ವಯಂಸಹಿ ಪ್ರಮಾಣಪತ್ರ ಮಾಡಿ ಡೀಫಾಲ್ಟ್‌ಗೆ ಹಚ್ಚುತ್ತಿದ್ದರು. ಈಗ ಆ ಗೋಜಿಲ್ಲ. ಎಚ್‌ಎಪ್ರಾಕ್ಸಿ ಬಳಸುವವರಿಗೆ ‘ಸ್ಟ್ರಿಕ್ಟ್-ಎಸ್‌ಎನ್‌ಐ’ ಎಂಬ ಆಯ್ಕೆ ಇದೇ ಕೆಲಸ ಮಾಡುತ್ತದೆ.

ಸರ್ವರಿಗೂ ಅದೇ ಧರ್ಮ

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಸುದ್ದಿ ಮಾಡುವವರ ಸರ್ವರ್, ಕೇಳಿದವರಿಗೆಲ್ಲ ಮನೆಯವರ ಹೆಸರು ಹೇಳುವುದು ಪತ್ರಿಕಾಧರ್ಮದ ತಪ್ಪು. ಬರೀ ತಾಂತ್ರಿಕ ಲೋಪ ಅಂತ ನಾವು ಕೈತೊಳೆದುಕೊಳ್ಳುವಂತಿಲ್ಲ.

ಪ್ರೆಸ್ ಕೌನ್ಸಿಲ್ ಕಾಯ್ದೆ, 1978ರ 15ನೇ ಕಲಮಿನಲ್ಲಿ ಒಂದು ಮಾತಿದೆ. ಕೌನ್ಸಿಲ್ ತನ್ನ ವಿಚಾರಣೆಯಲ್ಲಿ ಪತ್ರಿಕೆಯನ್ನಾಗಲಿ ಪತ್ರಕರ್ತರನ್ನಾಗಲಿ ಸುದ್ದಿಯ ಮೂಲ ಹೇಳಿ ಎಂದು ಬಲವಂತ ಮಾಡುವಂತಿಲ್ಲ. ಡಿಪ್ಲೊಮಾ ಪರೀಕ್ಷೆಗೆ ಇದನ್ನು ಉರು ಹೊಡೆದಿದ್ದೆವು. ಈ ರಕ್ಷಣೆ ಕೌನ್ಸಿಲಿನ ಅಂಗಳಕ್ಕೆ ಮಾತ್ರ, ಕೋರ್ಟಿಗೆ ಹೋದರೆ ಇಲ್ಲ ಎಂಬುದೂ ಗೊತ್ತು. ಅಂಥ ತೆಳು ರಕ್ಷಣೆ ಇರುವ ನಾಡಿನಲ್ಲಿ, ಯಾರೂ ಬಲವಂತ ಮಾಡದೆಯೇ, ನೋಟಿಸ್ ಇಲ್ಲದೆಯೇ, ನಮ್ಮ ಯಂತ್ರ ಸುಳಿವು ಕೊಡುತ್ತಿದ್ದರೆ ನಾವು ಎದೆ ತಟ್ಟಿಕೊಂಡು ‘ಮೂಲ ಹೇಳಲ್ಲ’ ಅನ್ನುವುದಕ್ಕೆ ಏನು ಅರ್ಥ?

‘ತಾಲ್ಲೂಕು ಮಟ್ಟದ ತಾಣವನ್ನು ಯಾರಪ್ಪ ಬಂದು ಸ್ಕ್ಯಾನ್ ಮಾಡುತ್ತಾರೆ?’ ಅಂತ ಒಬ್ಬ ಗೆಳೆಯ ಕೇಳಿದ. ಯಾರೂ ನಿಮ್ಮನ್ನು ಆರಿಸಿ ಬರಬೇಕಿಲ್ಲ. ಐಪಿವಿ4 ವಿಳಾಸಗಳು ಒಟ್ಟು 429 ಕೋಟಿ ಚಿಲ್ಲರೆ. ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ಜೆಡ್‌ಮ್ಯಾಪ್ ಎಂಬ ಸಾಧನ ಮಾಡಿ, ಒಂದೇ ಕಂಪ್ಯೂಟರಿನಿಂದ, ಒಳ್ಳೆಯ ಸಂಪರ್ಕ ಇದ್ದರೆ, ಅಷ್ಟೂ ವಿಳಾಸಗಳ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ಬರಬಹುದು ಎಂದು ತೋರಿಸಿದರು. ಶೋಡಾನ್, ಸೆನ್ಸಿಸ್‌ನಂಥ ತಾಣಗಳು ಹೀಗೆ ತಟ್ಟಿದಾಗ ಸಿಕ್ಕ ಪ್ರಮಾಣಪತ್ರಗಳನ್ನು ಕೂಡಿಟ್ಟು, ಹುಡುಕಲು ಕೊಡುತ್ತವೆ. ಜನಗಣತಿಯವರು ಬಂದಾಗ ಗುಡಿಸಲು, ಬಂಗಲೆ ಅಂತ ಭೇದ ಇಲ್ಲವಲ್ಲ, ಹಾಗೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಪ್ರತಿಯೊಂದು ಪ್ರಮಾಣಪತ್ರವೂ ಸಾರ್ವಜನಿಕ ದಾಖಲೆಯೊಂದರಲ್ಲಿ ಸೇರುತ್ತದೆ. ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಎಂದು ಅದಕ್ಕೆ ಹೆಸರು. ಯಾರು ಬೇಕಾದರೂ ಅಲ್ಲಿ ನಮ್ಮ ತಾಣದ ಹೆಸರು ಹುಡುಕಿ, ಜೊತೆಗಿರುವ ಹೆಸರುಗಳನ್ನು ನೋಡಬಹುದು. ಹಾಗಾದರೆ ಸರ್ವರ್ ಬಾಯಿ ಮುಚ್ಚಿಸಿ ಏನು ಉಪಯೋಗ?

ಆಕ್ಷೇಪ ನಿಜ. ಆ ಹುಡುಗ ಐಪಿ ಟೈಪ್ ಮಾಡದಿದ್ದರೂ ಈ ದಾರಿಯಲ್ಲಿ ನಮ್ಮ ಮೂರನೆಯ ಹೆಸರು ಸಿಗುತ್ತಿತ್ತು. ಅದಕ್ಕೇ ನಾವು ಈಗ ಮೂರು ತಾಣಕ್ಕೂ ಬೇರೆ ಬೇರೆ ಪ್ರಮಾಣಪತ್ರ ಮಾಡಿಸಿದ್ದೇವೆ. ಕಾಗದದ ಪುಟಕ್ಕೆ ಸಂಬಂಧವೇ ಇಲ್ಲದ ಬೇರೊಂದು ಡೊಮೇನ್ ತೆಗೆದುಕೊಂಡು, ವೈಲ್ಡ್‌ಕಾರ್ಡ್ ಪ್ರಮಾಣಪತ್ರ ಹಾಕಿದ್ದೇವೆ. 2018ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಅದನ್ನೂ ಉಚಿತವಾಗಿ ಕೊಡುತ್ತದೆ. ಅದರಲ್ಲಿ ಮುಖ್ಯ ಹೆಸರು ಕಾಣುತ್ತದೆ, ಅದರ ಮುಂದಿನ ಉಪಹೆಸರು ಕಾಣುವುದಿಲ್ಲ. ಆದರೆ ಹೀಗೆ ಬೇರೆ ಮಾಡಿದ ಎರಡು ಹೆಸರುಗಳೂ ಒಂದೇ ಸರ್ವರಿನಲ್ಲಿವೆ ಎಂಬ ನಂಟನ್ನು ದಾಖಲೆ ಹೇಳುವುದಿಲ್ಲ. ಅದನ್ನು ಹೇಳುವುದು ಸರ್ವರ್. ಆ ನಂಟನ್ನು ಮುಚ್ಚಲು ಹ್ಯಾಂಡ್‌ಶೇಕ್ ನಿರಾಕರಣೆ ಬೇಕೇ ಬೇಕು. ಒಂದರಿಂದ ಎಲ್ಲವೂ ಆಗುವುದಿಲ್ಲ ಅಂತ ಒಂದನ್ನೂ ಮಾಡದೆ ಕೂರುವುದು ಸರಿಯಲ್ಲ.

ಇನ್ನೊಂದು ಬಗೆಯ ‘ಇಲ್ಲ’

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಬಾಗಿಲು ಭದ್ರ ಮಾಡುವ ಹುಮ್ಮಸ್ಸಿನಲ್ಲಿ ನಾವು ಎರಡನೆಯ ತಪ್ಪು ಮಾಡಿದೆವು, ಅದು ಮೊದಲನೆಯದಕ್ಕಿಂತ ಹೆಚ್ಚು ಜನರನ್ನು ತಟ್ಟಿತು.

ನಿರಾಕರಿಸುವ ಆ ಡೀಫಾಲ್ಟ್ ಬ್ಲಾಕಿನಲ್ಲಿ ಗೆಳೆಯ ಇನ್ನೊಂದು ಸಾಲು ಸೇರಿಸಿದ. ‘ಟಿಎಲ್‌ಎಸ್ 1.3 ಮಾತ್ರ’ ಅಂತ. ಅಪರಿಚಿತರ ಬಾಗಿಲು ತಾನೆ, ಎಷ್ಟು ಬಿಗಿ ಮಾಡಿದರೇನು ಎಂಬುದು ಅವನ ಲೆಕ್ಕ. ಆದರೆ ಎಂಜಿನ್‌ಎಕ್ಸ್‌ನಲ್ಲಿ ಒಂದೇ ಪೋರ್ಟು ಹಂಚಿಕೊಂಡ ತಾಣಗಳಿಗೆ, ಟಿಎಲ್‌ಎಸ್ ಆವೃತ್ತಿಯ ವಿಷಯದಲ್ಲಿ ಡೀಫಾಲ್ಟ್ ಬ್ಲಾಕಿನ ಮಾತೇ ನಡೆಯಬಹುದು. ಯಾವ ತಾಣ ಬೇಕೆಂದು ತಿಳಿಯುವ ಮೊದಲೇ ಆವೃತ್ತಿ ತೀರ್ಮಾನವಾಗುವುದು ಕಾರಣ. ಎಂಜಿನ್‌ಎಕ್ಸ್‌ನ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ, ನಾವು ಓದಿರಲಿಲ್ಲ. ಹೀಗೆ ಹೊರಗಿನವರಿಗೆಂದು ಹಾಕಿದ ಅಗುಳಿ ಮನೆಯವರಿಗೂ ಬಿತ್ತು.

ಮೂರು ದಿನ ನಮಗೆ ಏನೂ ಗೊತ್ತಾಗಲಿಲ್ಲ. ನಮ್ಮೆಲ್ಲರ ಫೋನಿನಲ್ಲಿ ತಾಣ ಚೆನ್ನಾಗಿಯೇ ತೆರೆಯುತ್ತಿತ್ತು. ನಾಲ್ಕನೇ ದಿನ ಸಂತೆಯಲ್ಲಿ ಸಿಕ್ಕ ಹಿರಿಯರೊಬ್ಬರು, ‘ಏನಪ್ಪಾ, ನಿಮ್ ಪೇಪರ್ ನಿಲ್ಲಿಸಿಬಿಟ್ರಾ?’ ಅಂದರು. ಅವರದು ಇಂಟರ್ನೆಟ್ ಇರುವ ಕೀಪ್ಯಾಡ್ ಫೋನು. ಆ ಬಗೆಯ ಫೋನುಗಳಲ್ಲಿರುವ ಕೈಓಎಸ್ 2.5, ಫೈರ್‌ಫಾಕ್ಸ್‌ನ 48ನೇ ಆವೃತ್ತಿಯ ಮೇಲೆ ಕಟ್ಟಿದ್ದು. ಅದಕ್ಕೆ ಟಿಎಲ್‌ಎಸ್ 1.2ರವರೆಗೆ ಮಾತ್ರ ಗೊತ್ತು. 1.3ರ ನಿಯಮ ಅಂತಿಮವಾಗಿದ್ದೇ 2018ರಲ್ಲಿ. ಮೆಮೊರಿ ತುಂಬಿ ವರ್ಷಗಟ್ಟಲೆ ಬ್ರೌಸರ್ ಅಪ್‌ಡೇಟ್ ಆಗದ ಹಳೇ ಸ್ಮಾರ್ಟ್‌ಫೋನುಗಳ ಕಥೆಯೂ ಇದೇ. ಅವರು ನಮ್ಮ ಓದುಗರು. ಉದ್ಯೋಗ ಖಾತ್ರಿಯ ಸುದ್ದಿ ಯಾರಿಗೆ ತಲುಪಬೇಕೋ ಅವರೇ ಅವರು.

ಆಗ ನನಗೆ ಹೊಳೆದದ್ದು ಇದು. ಹ್ಯಾಂಡ್‌ಶೇಕ್ ಹಂತದಲ್ಲಿ ಹೇಳುವ ‘ಇಲ್ಲ’ಕ್ಕೆ ಭಾಷೆ ಇಲ್ಲ. ಪುಟವಾದರೆ ‘ಕ್ಷಮಿಸಿ, ನಿಮ್ಮ ಬ್ರೌಸರ್ ಹಳೆಯದು, ಹೀಗೆ ಮಾಡಿ’ ಅಂತ ಕನ್ನಡದಲ್ಲಿ ಬರೆದು ತೋರಿಸಬಹುದು. ಇಲ್ಲಿ ಪುಟವೇ ಇಲ್ಲ, ಇನ್ನೂ ಸಂಪರ್ಕವೇ ಆಗಿಲ್ಲ. ಹೋಗುವುದು ಒಂದು ಸಂಖ್ಯೆ. ಹೆಸರು ಗೊತ್ತಿಲ್ಲದಿದ್ದರೆ 112, ಆವೃತ್ತಿ ಹೊಂದದಿದ್ದರೆ 70. ಓದುಗರಿಗೆ ಕಾಣುವುದು ಇಂಗ್ಲಿಷಿನ ಅರ್ಥವಾಗದ ಒಂದು ಸಾಲು. ‘ತಾಣ ಸತ್ತಿದೆ’ ಅಂದುಕೊಳ್ಳುತ್ತಾರೆ, ಹೋಗುತ್ತಾರೆ.

ಇದಕ್ಕಿಂತ ಗಂಭೀರವಾದ ಗೊಂದಲವೂ ಇದೆ. ಬ್ರೌಸರು ಕಳಿಸುವ ತಾಣದ ಹೆಸರು, ಅದೇ ಎಸ್‌ಎನ್‌ಐ, ಸಾಮಾನ್ಯವಾಗಿ ಗೂಢಲಿಪಿ ಇಲ್ಲದೆ ಬಯಲಾಗಿಯೇ ಹೋಗುತ್ತದೆ. ದಾರಿಯಲ್ಲಿರುವ ಇಂಟರ್ನೆಟ್ ಕಂಪನಿ ಅದನ್ನು ಓದಿ ಅಲ್ಲೇ ಸಂಪರ್ಕ ಕತ್ತರಿಸಬಹುದು. ಭಾರತದಲ್ಲಿ ದೊಡ್ಡ ದೂರಸಂಪರ್ಕ ಕಂಪನಿಯೊಂದು ಹೀಗೆ ತಾಣಗಳನ್ನು ತಡೆಯುತ್ತಿರುವುದನ್ನು 2019ರಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆಂಡ್ ಸೊಸೈಟಿ ಪರೀಕ್ಷಿಸಿ ಪ್ರಕಟಿಸಿತ್ತು. ಓದುಗರ ಕಣ್ಣಿಗೆ ಎರಡೂ ಒಂದೇ: ತಾಣ ತೆರೆಯಲಿಲ್ಲ. ತಡೆದದ್ದು ಸರ್ಕಾರವೋ, ಕಂಪನಿಯೋ, ನಾವೇ ತಪ್ಪಾಗಿ ಹಾಕಿದ ಅಗುಳಿಯೋ? ನಮ್ಮ ಓದುಗರನ್ನು ನಾವೇ ತಡೆದು, ಅದು ನಮಗೇ ಗೊತ್ತಿಲ್ಲದಿದ್ದರೆ, ನಾಳೆ ನಿಜವಾಗಿಯೂ ಯಾರಾದರೂ ತಡೆದಾಗ ಯಾವ ಬಾಯಿಂದ ದೂರುತ್ತೇವೆ?

ಆದ್ದರಿಂದ ನನ್ನ ವಾದ ಇಷ್ಟು. ಕಾರಣ ಹೇಳಲಾಗದ ನಿರಾಕರಣೆಯನ್ನು, ಕಾರಣ ಕೇಳುವ ಹಕ್ಕಿಲ್ಲದವರಿಗೆ ಮಾತ್ರ ಬಳಸಬೇಕು. ಹೆಸರು ಹೇಳದೆ ಬಂದು ಬಾಗಿಲು ತಟ್ಟುವ ಸ್ಕ್ಯಾನರಿಗೆ ನಾವು ವಿವರಣೆ ಕೊಡಬೇಕಾಗಿಲ್ಲ. ಅವರಿಗೆ 112 ಸಾಕು. ಸರಿಯಾದ ಹೆಸರು ಹಿಡಿದು, ಹಳೇ ಫೋನಿನಲ್ಲಿ ಬಂದ ಓದುಗರಿಗೆ ವಿವರಣೆ ಕೊಡುವುದು ನಮ್ಮ ಸಾಲ. ಅವರನ್ನು ಒಳಗೆ ಬಿಡಬೇಕು. ಟಿಎಲ್‌ಎಸ್ 1.0 ಮತ್ತು 1.1 ಬಿಡುವುದು ನ್ಯಾಯ, ಅವು ಹಳಸಿವೆ ಅಂತ 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿಯೇ ಕೈಬಿಟ್ಟಾಗಿದೆ. ಆದರೆ ಸರಿಯಾಗಿ ಹೊಂದಿಸಿದ 1.2 ಇನ್ನೂ ಭದ್ರ. ನೂರಕ್ಕೆ ನೂರು ಅಂಕದ ಆಸೆಗೆ ಅದನ್ನು ಮುಚ್ಚುವುದು, ನಗರದ ಫೋನಿನವರನ್ನು ಕೂರಿಸಿ ಹಳ್ಳಿಯವರನ್ನು ಹೊರಗೆ ನಿಲ್ಲಿಸಿದ ಹಾಗೆ.

ತಾಣ ಇರುವವರು ಇಂದೇ ನೋಡಿ

ನಿಮ್ಮ ಐಪಿ ವಿಳಾಸವನ್ನು ಬ್ರೌಸರಿನಲ್ಲಿ ಟೈಪ್ ಮಾಡಿ, ಎಚ್ಚರಿಕೆ ಬಂದರೆ ಪೂರ್ತಿ ಓದಿ. ಅಲ್ಲಿ ಯಾವುದಾದರೂ ಹೆಸರು ಕಂಡರೆ ನಿಮ್ಮ ಸರ್ವರ್ ಮಾತಾಡುತ್ತಿದೆ ಎಂದೇ ಅರ್ಥ. ನಿರಾಕರಿಸುವ ಡೀಫಾಲ್ಟ್ ಬ್ಲಾಕ್ ಹಾಕಿದ ಮೇಲೆ ಇನ್ನೂ ಮೂರು ಸಂದು ಉಳಿಯುತ್ತವೆ. ಒಂದು, ಐಪಿವಿ6. ಅದಕ್ಕೂ ಪ್ರತ್ಯೇಕ ಸಾಲು ಬರೆಯದಿದ್ದರೆ ಹಿತ್ತಿಲ ಬಾಗಿಲು ತೆರೆದೇ ಇರುತ್ತದೆ. ಎರಡು, 80ನೇ ಪೋರ್ಟು. ಬಂದವರನ್ನೆಲ್ಲ ಎಚ್‌ಟಿಟಿಪಿಎಸ್ ವಿಳಾಸಕ್ಕೆ ಕಳಿಸುವ ಸಾಲು ಅಲ್ಲಿ ಇರುತ್ತದೆ, ಕಳಿಸುವಾಗ ಅದು ಹೆಸರು ಹೇಳಿಬಿಡಬಹುದು. ಅಲ್ಲಿಗೆ 444 ಸರಿಯಾದ ಮದ್ದು. ಮೂರು, ಆವೃತ್ತಿಯ ಸಾಲು. ಡೀಫಾಲ್ಟ್ ಬ್ಲಾಕಿನಲ್ಲಿ 1.2 ಮತ್ತು 1.3 ಎರಡೂ ಇರಲಿ. ಎಲ್ಲ ಮುಗಿದ ಮೇಲೆ ಊರಿನ ಅತಿ ಹಳೆಯ ಫೋನೊಂದನ್ನು ಎರವಲು ಪಡೆದು ತಾಣ ತೆರೆದು ನೋಡಿ. ಹ್ಯಾಂಡ್‌ಶೇಕ್‌ನಲ್ಲೇ ಬಿದ್ದವರ ಲೆಕ್ಕ ದಿನನಿತ್ಯದ ಆಕ್ಸೆಸ್ ಲಾಗಿನಲ್ಲಿ ಬರುವುದಿಲ್ಲ. ಹಾಗಾಗಿ ಅಂಕಿಸಂಖ್ಯೆ ನೋಡಿ ‘ಎಲ್ಲ ಚೆನ್ನಾಗಿದೆ’ ಅಂದುಕೊಳ್ಳಬೇಡಿ.

ಇಷ್ಟು ಮಾಡಿದರೆ ಮೂಲಗಳು ಸುರಕ್ಷಿತ ಅಂತ ನಾನು ಹೇಳುತ್ತಿಲ್ಲ. ಪ್ರಾಣಕ್ಕೇ ಅಪಾಯ ಇರುವ ವಿಷಯವಾದರೆ ಟಾರ್ ಜಾಲದ ಮೇಲೆ ನಡೆಯುವ ಸೆಕ್ಯೂರ್‌ಡ್ರಾಪ್‌ನಂಥ ವ್ಯವಸ್ಥೆ ಬೇಕು, ಅಥವಾ ಎದುರು ಕೂತು ಕಾಗದ ಪಡೆಯಬೇಕು. ನಾವು ಈಗ ಹೆಚ್ಚಾಗಿ ಮಾಡುತ್ತಿರುವುದು ಎರಡನೆಯದನ್ನು.

ಆ ಸಿಬ್ಬಂದಿಯ ಮನೆಗೆ ದಸರಾ ಮುಗಿದ ಮೇಲೆ ಹೋಗಿದ್ದೆ. ಆಗಿದ್ದನ್ನೆಲ್ಲ ಬಿಡಿಸಿ ಹೇಳಿದೆ, ತಪ್ಪು ನಮ್ಮದೇ ಅಂತ ಒಪ್ಪಿಕೊಂಡೆ. ಚಹಾ ಕೊಟ್ಟರು, ಮಳೆ ಬೆಳೆ ಮಾತಾಡಿದರು. ಕಾಗದ ಮಾತ್ರ ಕೊಡಲಿಲ್ಲ. ಎದ್ದು ಬರುವಾಗ ‘ಈಗ ಸರಿ ಮಾಡಿದೀರಾ?’ ಅಂದರು. ಮಾಡಿದೀವಿ ಅಂದೆ. ‘ನೋಡೋಣ ಬಿಡಿ’ ಅಂದರು. ಅವರು ನೋಡುವವರೆಗೂ ನಾವು ಕಾಯಬೇಕು.